ಅಪ್ಪನ ಸಮಾಧಿ ಯಾವ ತಾಲೂಕಿನದು

ಶಿಕಾರಿಪುರ
೧೬ ಜನವರಿ ೨೦೨೩

ಯೋಗೇಶ,

ಕೈಯಲ್ಲಿ ಫೋನಿದ್ದೂ ಅಕ್ಕ ಯಾಕೆ ಕಾಗದ ಬರೆದಳು ಎಂದು ರಜನಿಯ ಮುಂದೆ ನಗುತ್ತಿರಬಹುದು ನೀನು. ನಗು, ಹೆಂಡತಿಯನ್ನೂ ನಗಿಸು. ಶನಿವಾರ ಸಂಜೆ ವಾಟ್ಸಾಪಿನಲ್ಲಿ ಏನೋ ಕಳಿಸಿ, ನಾನು ಕನ್ನಡಕ ಹುಡುಕುವಷ್ಟರಲ್ಲಿ ಅಳಿಸಿಬಿಟ್ಟೆ. ಕೇಳಿದರೆ "ಏನಿಲ್ಲಕ್ಕ, ಕೈತಪ್ಪಿ ಹೋಯ್ತು" ಎಂದೆ. ಕನ್ನಡಕವಿಲ್ಲದೆಯೂ ಅದರಲ್ಲಿ ನಾಲ್ಕು ಸಾಲಿದ್ದದ್ದು ನನಗೆ ಕಂಡಿತ್ತು. ಕೈತಪ್ಪಿ ನಾಲ್ಕು ಸಾಲು ಬರೆಯುವವನು ನೀನೊಬ್ಬನೇ ಇರಬೇಕು. ಇನ್ನು ಮುಂದೆ ಗಡಿಹೊಲದ ವಿಷಯ ಏನಿದ್ದರೂ ಕಾಗದದಲ್ಲಿ ಬರಲಿ. ನನ್ನ ಕಾಗದಗಳಿಗೆ ನಾನು ಜೆರಾಕ್ಸ್ ತೆಗೆಸಿ ಇಟ್ಟುಕೊಳ್ಳುತ್ತೇನೆ.

ಹೊಲದ ಬೇವಿನ ಮರಕ್ಕೆ ಅಂಟಿಸಿದ ಸರ್ಕಾರಿ ನೋಟೀಸನ್ನು ನೀನೂ ಓದಿದ್ದೀಯ. ಆ ಮೂಲೆ ನಮ್ಮದಲ್ಲವಂತೆ, ಸರ್ಕಾರಿ ಖರಾಬಂತೆ. ಈ ವರ್ಷದ ಮಳೆಗಾಲ ಮುಗಿದ ಮೇಲೆ ಅಲ್ಲಿ ಕುಡಿಯುವ ನೀರಿನ ಟ್ಯಾಂಕ್ ಕಟ್ಟುತ್ತಾರಂತೆ. ಅಪ್ಪ ಆ ಮೂಲೆಯಲ್ಲಿ ಮಣ್ಣಾಗಿ ಹನ್ನೊಂದು ವರ್ಷವಾಯಿತು. ಅವನ ಎಡಕ್ಕೆ ಅವ್ವ ತನಗೆಂದು ನಾಲ್ಕು ಕಲ್ಲು ನೆಡಿಸಿ ಜಾಗ ಇಟ್ಟುಕೊಂಡಿದ್ದಾಳೆ. ಎಂಬತ್ತೆರಡು ವರ್ಷದ ಅವ್ವ ನಮ್ಮಿಬ್ಬರಿಂದ ಬೇರೆ ಏನನ್ನೂ ಕೇಳಿದವಳಲ್ಲ. ತನ್ನ ಮಣ್ಣು ಅಲ್ಲಾಗಬೇಕು, ಅಷ್ಟೇ.

ನಮ್ಮೂರಿನ ಪ್ರದೀಪ್ ವಕೀಲರನ್ನು ಕಂಡೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟೀಸು ಕೊಡಬೇಕಂತೆ. ಅದು ಬೆಂಗಳೂರಿಗೂ ಹೋಗಬೇಕು, ಶಿವಮೊಗ್ಗಕ್ಕೂ ಹೋಗಬೇಕು. ಹಾಗಾದರೆ ಕೋರ್ಟಿಗೂ ಅಲ್ಲಿಗೇ ಅಲೆಯಬೇಕೇ ಎಂದೆ. "ಇಲ್ರೀ ಅಕ್ಕಾರೆ, ಸರ್ಕಾರ ಎಲ್ಲಾದ್ರೂ ಕುಂತಿರ್ಲಿ, ಜಮೀನು ಎಲ್ಲೈತೋ ಅಲ್ಲಿನ ಕೋರ್ಟೇ ಕೇಳಬೇಕು" ಎಂದರು. ಗಡಿಹೊಲದ ಒಂದು ಮಗ್ಗುಲು ನಮ್ಮ ತಾಲೂಕಿನ ಬಂದಳಿಕೆಗೆ, ಒಂದು ಮಗ್ಗುಲು ಸೊರಬ ತಾಲೂಕಿನ ನಿಮ್ಮ ಜಡೆಗೆ. ಆದರೂ ಅಪ್ಪ ಕಂದಾಯ ಕಟ್ಟಿದ್ದು ಶಿಕಾರಿಪುರ ತಾಲೂಕಿಗೆ. ಹಾಗಾಗಿ ಶಿಕಾರಿಪುರದ ಕೋರ್ಟು. ಪಹಣಿ ಅವ್ವನ ಹೆಸರಿನಲ್ಲಿರುವುದರಿಂದ ದಾವೆಯೂ ಅವಳ ಹೆಸರಿನಲ್ಲೇ ಆಗಬೇಕು.

ಉತ್ತರ ಅಂಚೆಯಲ್ಲಿ ಬರಲಿ.

ನಿನ್ನ ಅಕ್ಕ,
ಕರುಣಾ


ಜಡೆ
೨೫ ಜನವರಿ ೨೦೨೩

ಅಕ್ಕಾ,

ನಿನ್ನ ಕಾಗದಕ್ಕೆ ನಾನೂ ಜೆರಾಕ್ಸ್ ತೆಗೆಸಿದೆ. ಅಂಗಡಿಯವನು "ಏನ್ ಯೋಗೇಶಣ್ಣ, ಕೋರ್ಟ್ ಕೆಲ್ಸನಾ?" ಎಂದ. "ಇಲ್ಲ ಮಾರಾಯ, ಅಕ್ಕನ ಕಾಗದ" ಎಂದೆ. ಎರಡೂ ಒಂದೇ ಅನ್ನುವ ಹಾಗೆ ನಕ್ಕ.

ಅಳಿಸಿದ ಮೆಸೇಜಿನಲ್ಲಿ ಏನಿತ್ತು ಎಂದು ಕೇಳಿದ್ದೀಯ. ಭಾವನ ಬಗ್ಗೆ ಬರೆದಿದ್ದೆ. ರಜನಿ ಬೈದಳು, ಅಳಿಸಿದೆ. ಈಗ ನೀನೇ ಕೇಳಿದ್ದರಿಂದ ಮತ್ತೆ ಬರೆಯುತ್ತೇನೆ. ವಸಂತ ಭಾವ ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವರು. ಇವತ್ತಿಗೂ ಸಂಜೆ ಅವರ ಜೊತೆ ವಾಕಿಂಗ್ ಹೋಗುವವರೆಲ್ಲ ಅದೇ ಕಚೇರಿಯವರು. ಸರ್ಕಾರದ ಮೇಲಿನ ದಾವೆಯ ಫೈಲು ನಿಮ್ಮ ಮನೆಯ ಟೀಪಾಯಿ ಮೇಲಿದ್ದರೆ ಅದರಲ್ಲಿರುವುದು ಸಂಜೆಯೊಳಗೆ ಸರ್ಕಾರಕ್ಕೆ ತಿಳಿದಿರುತ್ತದೆ. ಒಂದು ದಿನ ಯಾರೋ ಒಬ್ಬರು ಚಹಾ ಕುಡಿಯುತ್ತಾ "ರಾಜಿ ಮಾಡ್ಕೊಳ್ರಿ" ಎನ್ನುತ್ತಾರೆ, ಭಾವ ತಲೆಯಾಡಿಸುತ್ತಾರೆ, ಅಪ್ಪನ ಮೇಲೆ ಟ್ಯಾಂಕ್ ನಿಲ್ಲುತ್ತದೆ.

ಸೊರಬದ ಗಣಪಯ್ಯ ವಕೀಲರನ್ನು ನಾನೂ ಕಂಡಿದ್ದೇನೆ. ಹೊಲಕ್ಕೆ ದಾರಿ ಇರುವುದು ಜಡೆಯಿಂದ. ಅಪ್ಪನ ಮರಣ ಬರೆಸಿದ್ದು ಜಡೆಯಲ್ಲಿ. ಹೆಣ ಹೊತ್ತವರು ಜಡೆಯವರು. ಕೇಸು ಸೊರಬದ್ದು ಎಂದರು ಅವರು.

ಎರಡು ತಿಂಗಳ ನೋಟೀಸಂತೂ ಹೋಗಲಿ. ಅವ್ವ ಯುಗಾದಿಯವರೆಗೆ ನನ್ನಲ್ಲೇ ಇರುತ್ತಾಳಲ್ಲ, ಸಹಿ ಹಾಕಿಸಿ ಕಳಿಸಿದ್ದೇನೆ, ಪ್ರತಿ ಇದರೊಂದಿಗೆ ಇದೆ. ಕೋರ್ಟು ಯಾವುದು ಎನ್ನುವುದನ್ನು ಅಷ್ಟರಲ್ಲಿ ತೀರ್ಮಾನ ಮಾಡೋಣ. ನಿನ್ನ ಮೇಲೆ ನನಗೆ ಅನುಮಾನವಿಲ್ಲ, ಭಾವನ ಮೇಲೆ ಇದೆ.

ಯೋಗೇಶ


ಶಿಕಾರಿಪುರ
೨೦ ಫೆಬ್ರವರಿ ೨೦೨೩

ಯೋಗೇಶ,

ಭಾವನ ಮೇಲೆ ಅನುಮಾನವಂತೆ! ಕಾಗದವನ್ನು ಅವರಿಗೇ ಓದಿಸಿದೆ. ಓದಿ, ಮಡಚಿಟ್ಟು ವಾಕಿಂಗಿಗೆ ಹೋದರು. ಮೂವತ್ತೊಂದು ವರ್ಷದಲ್ಲಿ ಯಾರ ಮನೆಯ ಚಹಾಕ್ಕೂ ಬಗ್ಗದವರನ್ನು ನೀನು ನಾಲ್ಕು ಸಾಲಿನಲ್ಲಿ ಮುಗಿಸಿದೆ. ನನಗೆ ತುಂಬಾ ನೋವಾಯಿತು.

ಈಗ ನಿನ್ನ ಸಂಗತಿಗೆ ಬರುತ್ತೇನೆ. ಶಿವರಾತ್ರಿಯ ದಿನ ಅಪ್ಪನ ಸಮಾಧಿಗೆ ಹೂವು ಇಟ್ಟು ಬರೋಣವೆಂದು ಬಸ್ ಹತ್ತಿ ಹೋದೆ. ನಿನಗೆ ಹೇಳಲಿಲ್ಲ, ಬೇಕೆಂದೇ ಹೇಳಲಿಲ್ಲ. ಸಮಾಧಿಯ ಸುತ್ತ ಜೆಸಿಬಿ ಓಡಾಡಿದ ಗುರುತಿತ್ತು. ಆ ಸುತ್ತಿನಲ್ಲಿ ಜೆಸಿಬಿ ಇರುವುದು ನಿನ್ನದೊಂದೇ. ಬಸ್ಸಿಗೆ ಕಾಯುವಾಗ ಹೋಟೆಲಿನ ರವಿ, "ಟ್ಯಾಂಕಿನ ಕಂಟ್ರಾಕ್ಟರು ನಿಮ್ಮ ತಮ್ಮನ ಮನೀಗೆ ಎರಡು ಸಲ ಬಂದು ಹೋದ್ರಲ್ರೀ, ಪಾಯ ತೆಗೆಯೋ ಕೆಲ್ಸ ಅವರಿಗೇ ಆಗತ್ತೇನೋ" ಎಂದ. ಸೊರಬದಲ್ಲೇ ದಾವೆ ಆಗಬೇಕೆಂದು ನೀನು ಯಾಕೆ ಕುಣಿಯುತ್ತಿದ್ದೀಯ ಎಂಬುದು ಆಗ ತಿಳಿಯಿತು. ದಾವೆ ನಿನ್ನ ಕೈಯಲ್ಲಿದ್ದರೆ ಅದನ್ನು ಮಲಗಿಸುವುದೂ ನಿನ್ನ ಕೈಯಲ್ಲೇ.

ಅವ್ವನಿಗೆ ಫೋನ್ ಮಾಡಿದೆ. "ಎಲ್ಲಾ ಚಲೋ ಐತೆ" ಎಂದಳು. ಅವಳ ಕಟ್ಟು ನಿನಗೂ ಗೊತ್ತು. ದೀಪಾವಳಿಗೆ ನಿನ್ನಲ್ಲಿಗೆ ಬಂದು ಯುಗಾದಿಗೆ ನನ್ನಲ್ಲಿಗೆ ತಿರುಗುವಾಗ ಸೀರೆ, ಮಾತ್ರೆ, ವಿಭೂತಿ ಎಲ್ಲ ತರುತ್ತಾಳೆ, ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ತರುವುದಿಲ್ಲ. ಅಪ್ಪ ಹೋದಾಗಿನಿಂದ ಹಾಗೇ ನಡೆಸಿಕೊಂಡು ಬಂದಿದ್ದಾಳೆ. ನಾವಿಬ್ಬರೂ ಇನ್ನೂ ಮಾತಾಡುತ್ತಿರುವುದು ಅದರಿಂದಲೇ. ಈ ಸಲ ಮಾತ್ರ ಆ ಕಟ್ಟು ನಿನಗೆ ಬಹಳ ಅನುಕೂಲವಾಗಿದೆ.

ಕರುಣಾ


ಜಡೆ
೧೮ ಮಾರ್ಚ್ ೨೦೨೩

ಅಕ್ಕಾ,

ಜೆಸಿಬಿಯ ಗುರುತು ನನ್ನದೇ. ದನ ನುಗ್ಗಿ ಸಮಾಧಿಯ ಮೇಲೆ ಮಲಗುತ್ತಿದ್ದವು, ಸುತ್ತ ಕಾಲುವೆ ಹೊಡೆಸಿದೆ. ಇನ್ನೆರಡು ಹೆಜ್ಜೆ ಮುಂದೆ ಹೋಗಿ ನೋಡಿದ್ದರೆ ಕಾಲುವೆಯೂ ಕಾಣುತ್ತಿತ್ತು. ಆದರೆ ನೀನು ಹೂವು ಇಡಲು ಹೋದವಳಲ್ಲ, ಮಹಜರು ಮಾಡಲು ಹೋದವಳು. ಕಂಟ್ರಾಕ್ಟರು ಬಂದದ್ದು ನಿಜ. ನನ್ನ ತಂದೆಯ ಸಮಾಧಿ ಅಗೆಯಲು ನನ್ನ ಗಾಡಿ ಬರಲ್ಲ ಎಂದು ಎರಡು ಸಲವೂ ಕಳಿಸಿದೆ. ರವಿ ಅದನ್ನು ಹೇಳಲಿಲ್ಲ ನೋಡು.

ಬುಧವಾರ ಯುಗಾದಿ. ಅವ್ವನನ್ನು ಮಂಗಳವಾರ ನಾನೇ ಕಾರಿನಲ್ಲಿ ತಂದು ಬಿಡುತ್ತೇನೆ. ಬಿಪಿ ಮಾತ್ರೆ ಊಟದ ಮೊದಲು, ಮಂಡಿನೋವಿನದು ಊಟದ ಮೇಲೆ. ಒಂದು ಮಾತು ಹೇಳಿಬಿಡುತ್ತೇನೆ. ಏಪ್ರಿಲ್ ಮೊದಲ ವಾರಕ್ಕೆ ನೋಟೀಸಿನ ಎರಡು ತಿಂಗಳು ಮುಗಿಯುತ್ತದೆ. ನಾವಿಬ್ಬರೂ ಕೂತು ತೀರ್ಮಾನಿಸುವವರೆಗೆ ಅವಳಿಂದ ದಾವೆಯ ಯಾವ ಕಾಗದಕ್ಕೂ ಸಹಿ ಹಾಕಿಸಬೇಡ. ನಾನಂತೂ ಹಾಕಿಸಿಲ್ಲ.

ಯೋಗೇಶ


ಶಿಕಾರಿಪುರ
೧೦ ಏಪ್ರಿಲ್ ೨೦೨೩

ಯೋಗೇಶ,

ಅವ್ವ ಆರಾಮಾಗಿದ್ದಾಳೆ. ಮಾತ್ರೆ ಸರಿಯಾಗಿ ಕೊಡುತ್ತಿದ್ದೇನೆ. ಸಹಿ ಗಿಹಿ ಏನೂ ಇಲ್ಲ.

ನೀನು ಕಾರಿನಿಂದ ಇಳಿದವನು ಒಳಗೆ ಬರಲಿಲ್ಲ. ಹೋಳಿಗೆ ಮಾಡಿದ್ದೆ. ಭಾವ ಗೇಟಿನ ತನಕ ಬಂದು ನಿಂತಿದ್ದರು.

ಕರುಣಾ


ಜಡೆ
೧೨ ಜೂನ್ ೨೦೨೩

ಅಕ್ಕಾ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ತಡವಾಯಿತು. ಕೋರ್ಟಿಗೆ ಬೇಸಿಗೆ ರಜೆ ಇತ್ತು. ಸೊರಬದಲ್ಲಿ ಏನೂ ನಡೆದಿಲ್ಲ. ಅಲ್ಲೂ ಏನೂ ಇಲ್ಲ ತಾನೇ? ಯಾಕೆ ಕೇಳಿದೆನೆಂದರೆ, ಮೊನ್ನೆ ಫೋನಿನಲ್ಲಿ ಅವ್ವ ನನ್ನೊಡನೆ ಮಾತಾಡುತ್ತಾ ಒಮ್ಮೆಲೇ ಅತ್ತುಬಿಟ್ಟಳು. ಯಾಕೆ ಎಂದರೆ "ಮಂಡಿ ನೋವು" ಎಂದಳು. ಮಂಡಿ ನೋವಿಗೆ ಅವಳು ಯಾವತ್ತೂ ಅತ್ತವಳಲ್ಲ. ನಿನ್ನ ಮನೆಯಲ್ಲಿ ಏನು ನಡೆಯುತ್ತಿದೆ?

ಯೋಗೇಶ


ಶಿಕಾರಿಪುರ
೨೭ ಜುಲೈ ೨೦೨೩

ಯೋಗೇಶ,

ನಿನ್ನೆ ನಡೆದದ್ದನ್ನು ಬರೆಯುತ್ತೇನೆ. ನಿನಗೆ ಬೈಯಬೇಕೆಂದು ಕೂತೆ, ಅರ್ಧ ಹಾಳೆ ಬೈದು ಹರಿದೆ. ನಾನೂ ಅದನ್ನೇ ಮಾಡಿದ್ದೇನೆ.

ಏಪ್ರಿಲಿನಲ್ಲಿ ನಾನು ಅವ್ವನ ಸಹಿ ಹಾಕಿಸಿ ಇಲ್ಲಿ ದಾವೆ ಹೂಡಿದೆ. ಸಮಾಧಿ ಬಂದಳಿಕೆಯ ಮಗ್ಗುಲಲ್ಲಿದೆ, ಶಿಕಾರಿಪುರ ತಾಲೂಕು ಎಂದು ಬರೆಸಿದೆ. "ಯೋಗೇಶನಿಗೆ ಹೇಳಬ್ಯಾಡ ಅವ್ವ" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು, ಆಮೇಲೆ ಪೆನ್ನು ತೆಗೆದುಕೊಂಡಳು. ಆ ನೋಟ ಯಾಕೆಂದು ಆಗ ತಿಳಿಯಲಿಲ್ಲ. ನಿನ್ನೆ ಕೋರ್ಟಿನಲ್ಲಿ ಸಹಿಯ ತಾರೀಖು ನೋಡಿದ ಮೇಲೆ ತಿಳಿಯಿತು. ಅವಳು ಇಲ್ಲಿಗೆ ಬರುವ ಮೊದಲೇ ನೀನು ಸೊರಬದ ದಾವೆಗೆ ಸಹಿ ಹಾಕಿಸಿ, "ಅಕ್ಕನಿಗೆ ಹೇಳಬೇಡ" ಎಂದಿರಬೇಕು. ಅಂದರೆ "ನಾನಂತೂ ಹಾಕಿಸಿಲ್ಲ" ಎಂದು ನನಗೆ ಬರೆದಾಗಲೇ ಹಾಕಿಸಿಯಾಗಿತ್ತು.

ನಿನ್ನೆ ವಿಚಾರಣೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಸರ್ಕಾರಿ ವಕೀಲರು ಎದ್ದು ನ್ಯಾಯಾಧೀಶರಿಗೆ ಒಂದು ಕಾಗದ ಕೊಟ್ಟರು. "ಮಹಾಸ್ವಾಮಿ, ಇದೇ ಬಂಗಾರಮ್ಮನವರು ಸೊರಬದ ಕೋರ್ಟಿನಲ್ಲೂ ದಾವೆ ಹೂಡಿದ್ದಾರೆ. ಗಂಡನ ಸಮಾಧಿ ಸೊರಬ ತಾಲೂಕಿನಲ್ಲಿದೆ ಅಂತ ಅಲ್ಲಿ ಪ್ರಮಾಣ ಮಾಡಿದ್ದಾರೆ. ಇಲ್ಲಿ ಶಿಕಾರಿಪುರ ತಾಲೂಕು ಅಂತ. ಒಬ್ಬ ಮನುಷ್ಯನ್ನ ಎರಡು ಕಡೆ ಹೂಳೋದು ಹೇಗೆ ಅಂತ ಅವರೇ ಹೇಳಬೇಕು" ಎಂದರು. ಹಿಂದಿನ ಬೆಂಚಿನವರು ನಕ್ಕರು. ಪ್ರದೀಪ್ ವಕೀಲರು ನನ್ನ ಕಡೆ ತಿರುಗಿ ನೋಡಿದ ರೀತಿ ನನಗೆ ಸಾಯುವ ತನಕ ಮರೆಯುವುದಿಲ್ಲ.

ನ್ಯಾಯಾಧೀಶರು ಹೆಂಗಸು, ಚಿಕ್ಕ ವಯಸ್ಸು. ಅವ್ವನನ್ನು ಕಟಕಟೆಗೆ ಕರೆಸಿ, ಪ್ರಮಾಣ ಮಾಡಿಸಿ, ಕುರ್ಚಿ ಕೊಡಿಸಿ ಕೇಳಿದರು.

"ಅಜ್ಜಿ, ಈ ಎರಡೂ ಸಹಿ ನಿಮ್ದೇನಾ?"

"ಹೌದ್ರೀ ಅಮ್ಮಾರೆ, ಎರಡೂ ನಂದೇ."

"ಯಾರು ಹಾಕಿಸಿದ್ರು?"

ಅವ್ವ ನನ್ನ ಕಡೆ ನೋಡಲಿಲ್ಲ. ನೋಡಬಾರದು ಎಂದು ಕತ್ತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಯಾರೂ ಹಾಕ್ಸಿಲ್ರೀ. ಮಕ್ಕಳಿಗೆ ಇದು ಗೊತ್ತೇ ಇಲ್ಲ. ನಾನೇ ಅಲ್ಲಿಗೂ ಹೋದೆ, ಇಲ್ಲಿಗೂ ಬಂದೆ."

"ಪ್ರಮಾಣ ಮಾಡಿದೀರಿ, ನೆನಪಿದೆಯಾ ಅಜ್ಜಿ?"

"ನೆನಪೈತ್ರಿ."

"ಅಂದ್ರೆ ಒಂದು ಕೋರ್ಟಿಗೆ ಸುಳ್ಳು ಹೇಳಿದ್ದನ್ನ ಒಪ್ಪಿಕೊಂಡ ಹಾಗಾಯ್ತು" ಎಂದರು ಸರ್ಕಾರಿ ವಕೀಲರು.

"ಹೇಳೀನ್ರಿ, ನಾನೇ ಹೇಳೀನಿ" ಎಂದಳು ಅವ್ವ. ಬಸ್ ಸ್ಟ್ಯಾಂಡಿಗೂ ಒಬ್ಬಳೇ ಹೋಗಲಾರದ ಮುದುಕಿ ಎರಡು ತಾಲೂಕಿನ ಕೋರ್ಟು ತಿರುಗಿದಳೆಂದು ಅಲ್ಲಿ ಯಾರೂ ನಂಬಲಿಲ್ಲ. ನಾನು ಎದ್ದು ನಿಂತು ನಿಜ ಹೇಳಬೇಕಾಗಿತ್ತು. ಹೇಳಲಿಲ್ಲ. ಹೆದರಿಕೆಯಾಯಿತು, ಕೂತೇ ಇದ್ದೆ. ಆ ನಾಚಿಕೆಯನ್ನು ನಿನ್ನೊಬ್ಬನಿಗೇ ಹೇಳುತ್ತಿದ್ದೇನೆ.

ನ್ಯಾಯಾಧೀಶರು, ಎರಡೂ ದಾವೆ ವಾಪಸ್ ತೆಗೆದುಕೊಳ್ಳಿ, ಬೇಕಾದರೆ ಹೊಸದಾಗಿ ಒಂದೇ ಕಡೆ ಹಾಕಿ ಎಂದರು. ಯಾವ ಕಡೆ ಎಂದು ಪ್ರದೀಪ್ ಕೇಳಿದಾಗ, "ಜಮೀನು ಎರಡು ತಾಲೂಕಿನ ಗಡಿ ಮೇಲಿದ್ರೆ ಎರಡರಲ್ಲಿ ಯಾವ ಕೋರ್ಟಾದ್ರೂ ಕೇಳಬಹುದಲ್ಲ ವಕೀಲರೇ, ನಿಮಗೆ ಗೊತ್ತಿಲ್ವಾ?" ಎಂದರು. ಗೊತ್ತಿತ್ತು, ಯೋಗೇಶ. ಜನವರಿಯಲ್ಲೇ ಪ್ರದೀಪ್ ನನಗೆ ಅದನ್ನು ಹೇಳಿದ್ದರು. ನಿನಗೆ ಹೇಳಿದರೆ ನೀನು ಸೊರಬ ಎನ್ನುತ್ತೀಯ ಎಂದು ಮುಚ್ಚಿಟ್ಟೆ.

ಅವ್ವನನ್ನು ಆಟೋದಲ್ಲಿ ಕರೆತಂದೆ. ಮನೆಗೆ ಬಂದು ಕೈಕಾಲು ತೊಳೆದು ಮಲಗಿದಳು.

ಕರುಣಾ


ಜಡೆ
೩ ಆಗಸ್ಟ್ ೨೦೨೩

ಅಕ್ಕಾ,

ಗಣಪಯ್ಯನವರೂ ನನಗೆ ಅದನ್ನೇ ಹೇಳಿದ್ದರು. ಯಾವ ಕೋರ್ಟಾದರೂ ಆದೀತು ಎಂದು. ಅದನ್ನು ನಿನಗೆ ಬರೆಯದೆ ಹೆಣ ಹೊತ್ತವರ ಲೆಕ್ಕ ಬರೆದೆ.

ನಿನ್ನ ಕಾಗದ ಓದಿ ರಜನಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವ್ವನಿಗೆ ಫೋನ್ ಮಾಡಿದೆ. "ಸೊರಬದ ದಾವೆ ವಾಪಸ್ ತಗೊಂಡೆ ಅವ್ವ, ಹೊಸದಕ್ಕೆ ಒಂದು ಸಹಿ ಹಾಕಿಕೊಡು, ಇಬ್ಬರೂ ಸೇರಿ ಮಾಡ್ತೀವಿ" ಎಂದೆ. "ನನ್ನ ಸಹಿ ಮುಗೀತಪ್ಪ" ಎಂದು ಫೋನು ಇಟ್ಟಳು. ಗಟ್ಟಿ ಮಾಡಿ ಕೇಳಲು ನನಗೆ ಮುಖವಿಲ್ಲ.

ಗಣಪಯ್ಯನವರು ಒಂದು ದಾರಿ ಹೇಳಿದರು. ಪಹಣಿ ಅವ್ವನ ಹೆಸರಿನಲ್ಲಿದ್ದರೂ ಅಪ್ಪನ ವಾರಸುದಾರರೆಂದು ನಾವಿಬ್ಬರೇ ವಾದಿಗಳಾಗಬಹುದು. ಸಹಿ ಹಾಕದವರನ್ನು ಪ್ರತಿವಾದಿ ಎಂದು ತೋರಿಸಬೇಕಂತೆ. ಸರ್ಕಾರದ ಹೆಸರಿನ ಕೆಳಗೆ ಅವ್ವನ ಹೆಸರು ಬರುತ್ತದೆ. ಬರೆಯುವಾಗ ನನ್ನ ಕೈ ಓಡಲಿಲ್ಲ, ಆದರೂ ಬೇರೆ ದಾರಿಯಿಲ್ಲ. ತುರ್ತು ಎಂದು ಅರ್ಜಿ ಹಾಕಿದರೆ ಮತ್ತೆ ಎರಡು ತಿಂಗಳ ನೋಟೀಸಿಗೆ ಕಾಯಬೇಕಿಲ್ಲವಂತೆ. ಮಳೆ ನಿಂತರೆ ಅವರು ಕೆಲಸ ಶುರು ಮಾಡುತ್ತಾರೆ.

ಶಿಕಾರಿಪುರದಲ್ಲೇ ಹಾಕೋಣ. ಪ್ರತಿ ತಾರೀಖಿಗೂ ನಾನೇ ಬರುತ್ತೇನೆ. ಆದರೆ ಕರಡನ್ನು ಗಣಪಯ್ಯನವರು ಒಮ್ಮೆ ನೋಡಲಿ, ಮತ್ತು ವಕೀಲರ ಮನೆಗೆ ಭಾವ ಬರುವುದು ಬೇಡ. ಇಷ್ಟಾದ ಮೇಲೂ ಹೀಗೆ ಬರೆಯುತ್ತಿದ್ದೇನೆ ಎಂದು ನನಗೇ ಹೇಸಿಗೆಯಾಗುತ್ತಿದೆ. ಏನು ಮಾಡಲಿ, ಅನುಮಾನ ಒಂದು ಸಲ ಒಳಗೆ ಕೂತರೆ ಹೇಳಿದ ತಕ್ಷಣ ಏಳುವುದಿಲ್ಲ.

ಯೋಗೇಶ


ಶಿಕಾರಿಪುರ
೩೦ ಅಕ್ಟೋಬರ್ ೨೦೨೩

ಯೋಗೇಶ,

ನಿನ್ನ ಗಣಪಯ್ಯ ತಿದ್ದಿದ ಕರಡನ್ನು ಮೂರು ಸಲ ಓದಿಯೇ ನಾನು ಸಹಿ ಹಾಕಿದ್ದು. ಮೂರನೆಯ ಸಲ ಓದಿದ್ದು ನಿನ್ನ ಮೋಸ ಹುಡುಕಲು. ಸಿಗಲಿಲ್ಲ.

ಆಗಸ್ಟಿನಲ್ಲಿ ತಡೆಯಾಜ್ಞೆ ಸಿಕ್ಕಾಗ ನೀನಿದ್ದೆ. ಶುಕ್ರವಾರ ನಿನ್ನ ಗಾಡಿ ಕೆಟ್ಟು ಬರಲಾಗಲಿಲ್ಲ ಎಂದೆ, ಈ ಸಲ ನಂಬಿದೆ. ಸರ್ಕಾರಿ ವಕೀಲರು ಬರೆದ ಹೇಳಿಕೆ ಕೊಟ್ಟರು. ಟ್ಯಾಂಕನ್ನು ಶಾಲೆಯ ಹಿಂದಿನ ದಿಬ್ಬಕ್ಕೆ ಒಯ್ಯುತ್ತಾರೆ, ಸಮಾಧಿಯ ಮೂಲೆಯನ್ನೂ ಪಕ್ಕದ ಜಾಗವನ್ನೂ ಮುಟ್ಟುವುದಿಲ್ಲ. ನ್ಯಾಯಾಧೀಶರು ಅದನ್ನು ದಾಖಲಿಸಿಕೊಂಡರು. ನಾವು ಗೆದ್ದೆವು.

ಪೇಡೆ ತೆಗೆದುಕೊಂಡು ಮನೆಗೆ ಓಡಿದೆ. ಅವ್ವ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. "ಅವ್ವ, ಅಪ್ಪನ ಪಕ್ಕದ ಜಾಗ ನಿಂದೇ ಆತು, ಇನ್ನು ಯಾರೂ ಬರಲ್ಲ" ಎಂದೆ. ಪೇಡೆ ತೆಗೆದುಕೊಂಡಳು, ತಿಂದಳು. ಆಮೇಲೆ ನಿಧಾನವಾಗಿ ಹೇಳಿದಳು.

"ಚಲೋ ಆತು. ನಿಮ್ಮಪ್ಪ ಅಲ್ಲೇ ಇರ್ಲಿ. ನನ್ನ ಮಣ್ಣು ಮಾತ್ರ ಅಲ್ಲಿ ಬ್ಯಾಡ. ತೊಗರ್ಸಿಗೆ ಒಯ್ರಿ, ನಮ್ಮಣ್ಣನ ಹೊಲದಾಗೆ ಮಾಡ್ರಿ."

ತಮಾಷೆ ಎಂದುಕೊಂಡೆ. ಯಾಕವ್ವ ಎಂದೆ.

"ಅಷ್ಟು ಜನರ ಎದುರಿಗೆ ಪ್ರಮಾಣ ಮಾಡಿ ಸುಳ್ಳು ಹೇಳೀನಿ ನಾನು. ಹೋಗಿ ಅವರ ಪಕ್ಕದಾಗೆ ಕುಂತ್ರೆ, ಯಾಕೆ ಹೇಳ್ದೆ ಅಂತ ಅವರು ಕೇಳಲ್ಲೇನು? ಏನಂತ ಹೇಳ್ಲಿ? ಅವರಿಗೂ ಸುಳ್ಳೇ ಹೇಳ್ಲಾ? ಇಲ್ಲಾ, ನಿಮ್ಮ ಮಕ್ಕಳು ಹಿಂಗೆ ಮಾಡಿದ್ರು ಅಂತ ಹೇಳ್ಲಾ? ಎರಡೂ ನನ್ನ ಕೈಲಿ ಆಗಲ್ಲ."

ಕಾಲು ಹಿಡಿದುಕೊಂಡೆ, ಯೋಗೇಶ. ಅತ್ತೆ. ಸುಳ್ಳು ನಮ್ಮದು, ನಿನ್ನದಲ್ಲ ಎಂದೆ. "ಹೇಳಿದ್ದು ನನ್ನ ಬಾಯೇ ಅಲ್ಲೇನು?" ಎಂದಳು. ಕೋಪವಿರಲಿಲ್ಲ ಅವಳಿಗೆ. ಕೋಪವಿದ್ದಿದ್ದರೆ ಇಳಿಯುತ್ತದೆ ಎಂದು ಕಾಯಬಹುದಿತ್ತು. ಭಾವ ಬಂದು ಎಷ್ಟೋ ಹೇಳಿದರು. ಅವ್ವ ಅವರಿಗೂ ಒಂದು ಪೇಡೆ ಕೊಟ್ಟು ಮತ್ತೆ ಅವರೆಕಾಯಿ ಬಿಡಿಸತೊಡಗಿದಳು. ತೊಗರ್ಸಿಯ ಮಾವನ ಮಗನಿಗೆ ನಿನ್ನೆ ತಾನೇ ಫೋನ್ ಮಾಡಿಸಿ ಮಾತಾಡಿಯೂ ಆಗಿದೆ, ಅವನು ಹೂಂ ಎಂದಿದ್ದಾನೆ.

ಇದು ನಾನು ಹೇಳಿಕೊಟ್ಟದ್ದು ಎಂದು ನಿನಗೆ ಅನ್ನಿಸುತ್ತದೆ. ನನಗೂ ಮೊದಲು ಅನ್ನಿಸಿದ್ದು ನೀನು ಹೇಳಿಕೊಟ್ಟೆ ಎಂದೇ. ಇನ್ನು ಎರಡು ವಾರಕ್ಕೆ ದೀಪಾವಳಿ, ಅವಳನ್ನು ಕರೆದೊಯ್ಯಲು ಬರುತ್ತೀಯಲ್ಲ, ಒಳಗೆ ಬಂದು ನೀನೇ ಕೂತು ಕೇಳು. ನಾನು ಹೇಳಿಕೊಟ್ಟಿಲ್ಲ, ನೀನೂ ಹೇಳಿಕೊಟ್ಟಿಲ್ಲ. ನಾವಿಬ್ಬರೂ ಸೇರಿ ಅವಳಿಗೆ ಅಪ್ಪನ ಪಕ್ಕ ಜಾಗವಿಲ್ಲದ ಹಾಗೆ ಮಾಡಿದ್ದೇವೆ, ಸರ್ಕಾರಕ್ಕೆ ಆಗದ್ದನ್ನು.

ಈ ಕಾಗದಕ್ಕೆ ಜೆರಾಕ್ಸ್ ತೆಗೆಸಿಲ್ಲ.

ನಿನ್ನ ಅಕ್ಕ,
ಕರುಣಾ